ಫಾರೆಸ್ಟ್ ಪಕ್ಕದ ಜಮೀನು, ಕಾಡುಹಂದಿ ಟ್ರ್ಯಾಪು, ನಮ್ಮ ಬೇಟೆ: ಡಾಕ್ಟರ್ ಮೇಡಂನ ಕೇಳಿ

ಅಡ್ಮಿನ್: ಮಿಸೌರಿಲಿ ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್ ಪಕ್ಕ ಜಮೀನು, ಲೀಸ್ ಇರೋರು ತುಂಬ ಜನ ಕೇಳ್ತಿದ್ರಿ. ವನ್ಯಪ್ರಾಣಿ ರೋಗ ನೋಡೋ ವೆಟರ್ನರಿ ಡಾಕ್ಟರ್ ಮೇಡಂ ಇವತ್ತು ಸಂಜೆ ಸಿಗ್ತಾರೆ. ಪ್ರಶ್ನೆ ಇಲ್ಲೇ ಹಾಕಿ, ಅವರ ಇನ್‌ಬಾಕ್ಸ್‌ಗೆ ನುಗ್ಗಬೇಡಿ.

ಓಝಾರ್ಕ್ ಗೌಡ: ನಮಸ್ಕಾರ ಮೇಡಂ. ನಮ್ಮ ಬೇಲಿ ಆಚೆನೇ ಫಾರೆಸ್ಟು, ಅಲ್ಲಿ ದೊಡ್ಡ ರೌಂಡ್ ಟ್ರ್ಯಾಪ್ ಇಟ್ಟು ಜೋಳ ಸುರಿದಿದ್ದಾರೆ, ಕ್ಯಾಮೆರಾನೂ ಇದೆ. ಮೊನ್ನೆ ನಮ್ಮ ಕಡೆ ಬಂದ ಗುಂಪಿಗೆ ಹೊಡೆದೆ, ಒಂದು ಬಿತ್ತು. ಮಾರನೇ ದಿನ ಟ್ರ್ಯಾಪ್ ನೋಡ್ಕೊಳೋನು ಬಂದು ಸ್ವಲ್ಪ ದಿನ ಹೊಡೀಬೇಡಿ ಪ್ಲೀಸ್ ಅಂದ. ನನ್ನ ಜಮೀನಲ್ಲಿ ನಾನು ಹೊಡೆದ್ರೆ ಅವನಿಗೇನು ಕಷ್ಟ?

ಡಾಕ್ಟರ್: ಸ್ವಂತ ಜಮೀನಲ್ಲಿ ಹೊಡೆಯೋಕೆ ಕಾನೂನು ಅಡ್ಡಿ ಮಾಡಲ್ಲ (ಜಿಂಕೆ ಸೀಸನ್‌ನಲ್ಲಿ ಷರತ್ತಿದೆ, ಓದ್ಕೊಳ್ಳಿ). ಅವನು ಕೇಳ್ಕೊಂಡಿದ್ದಾನೆ ಅಷ್ಟೆ, ಆದ್ರೆ ಕೇಳಿದ್ದು ಸರಿ. ಟ್ರ್ಯಾಪ್ ಬಾಗಿಲು ಮೊದಲ ದಿನವೇ ಬೀಳ್ಸಲ್ಲ. ಜೋಳ ಹಾಕಿ ಹಾಕಿ ಅಭ್ಯಾಸ ಮಾಡ್ಸಿ, ಮರಿಗಳು, ಹೆಣ್ಣುಗಳು, ಕೊನೇಲಿ ಮೂತಿ ಮಾತ್ರ ಒಳಗಿಟ್ಟು ವಾಪಸ್ ಹೋಗೋ ಅನುಮಾನದ ಮುದಿ ಹೆಣ್ಣು, ಎಲ್ಲಾ ಒಳಗೆ ಬಂದ ಮೇಲೆ ಫೋನಲ್ಲಿ ನೋಡ್ಕೊಂಡು ಬೀಳಿಸ್ತಾರೆ. ಬೇಲಿ ಈಚೆ ನೀವೊಂದು ಗುಂಡು ಹಾರಿಸಿದ್ರೆ ಉಳಿದವು ದಿಕ್ಕಾಪಾಲಾಗಿ ಇನ್ನೊಬ್ಬರ ಹೊಲಕ್ಕೆ ಹೋಗ್ತವೆ, ಜೋಳದ ಹತ್ರ ಸುಳಿಯಲ್ಲ. ಗರ್ಭ ಬರೀ 115 ದಿನ, ವರ್ಷಕ್ಕೆ ಎರಡು ಸಲ ಈಯಬಹುದು. ನೀವು ಕಳೆದಿದ್ದು ಒಂದು, ಅವು ಕೂಡಿಸೋದು ಎಷ್ಟು ಲೆಕ್ಕ ಹಾಕಿ.

ಬಿಲ್ಲುಗಾರ: ಟ್ಯಾಕ್ಸ್ ಕಟ್ಟೋರು ನಾವು, ಫಾರೆಸ್ಟಲ್ಲಿ ಹಂದಿ ಬೇಟೆ ನಮಗೇ ಬ್ಯಾನು. ಎಲ್ಲರಿಗೂ ಬಿಟ್ರೆ ಎರಡೇ ವರ್ಷದಲ್ಲಿ ಖಾಲಿ ಮಾಡ್ತೀವಿ.

ಡಾಕ್ಟರ್: ಟೆನ್ನೆಸ್ಸಿಲಿ ಬಿಟ್ಟು ನೋಡಿದ್ರು. 1999ರಲ್ಲಿ ಇಡೀ ರಾಜ್ಯಕ್ಕೆ ಸೀಸನ್, ಎಷ್ಟು ಬೇಕಾದ್ರೂ ಹೊಡೀರಿ ಅಂತ. ಹಂದಿ ಇಲ್ಲದ ಜಿಲ್ಲೆಗಳಲ್ಲೂ ಕಾಣಿಸ್ಕೊಂಡ್ವು, 2011ರಲ್ಲಿ ನಿಲ್ಲಿಸಿದ್ರು. ಮತ್ತೆ ನಮ್ಮ ಫಾರೆಸ್ಟಲ್ಲಿ ಪೂರ್ತಿ ಬ್ಯಾನ್ ಅನ್ನೋದೂ ತಪ್ಪು, ಬಂದೂಕಿನ ಜಿಂಕೆ, ಟರ್ಕಿ ಸೀಸನ್‌ನಲ್ಲಿ ಬಳಸದ ಪರ್ಮಿಟ್ ಕೈಲಿದ್ದು ಹಂದಿ ಎದುರಾದ್ರೆ ಹೊಡೀಬಹುದು.

ಹೊಲದ ಮನೆ: ಇಲ್ಲದ ಜಿಲ್ಲೆಗೆ ಹಂದಿ ನಡ್ಕೊಂಡು ಹೋಯ್ತಾ ಬಿಲ್ಲುಗಾರರೇ? ಟ್ರೇಲರಲ್ಲಿ ತಂದು ಬಿಡೋರು ಯಾರು ಅಂತ ಎಲ್ರಿಗೂ ಗೊತ್ತು.

ಬಿಲ್ಲುಗಾರ: ಪುರಾವೆ ಇದ್ರೆ ಮಾತಾಡಿ, ಇಲ್ಲಾಂದ್ರೆ ಸುಮ್ನಿರಿ.

ಸಂಜೆ ಶಿಕಾರಿ: ಮೇಡಂ, ನಾನೂ ಫಾರೆಸ್ಟ್ ಗಡೀಲೇ ಇರೋದು. ಎರಡು ವಾರದ ಹಿಂದೆ ಒಂದು ಹಂದಿ ಹೊಡೆದು ಬರಿಗೈಲೇ ಕೊಯ್ದೆ, ಹೆಬ್ಬೆರಳಲ್ಲಿ ಚಾಕು ತಾಗಿದ ಸಣ್ಣ ಗಾಯ ಇತ್ತು. ಈಗ ಸಂಜೆ ಆದ್ರೆ ಜ್ವರ, ರಾತ್ರಿ ಬನಿಯನ್ ಹಿಂಡೋ ಹಾಗೆ ಬೆವರು, ಬೆಳಿಗ್ಗೆ ಆರಾಮ್, ಸೊಂಟ ಮಾತ್ರ ಬಿಡ್ತಾ ಇಲ್ಲ. ಕ್ಲಿನಿಕ್ಕಲ್ಲಿ ವೈರಲ್ ಅಂದ್ರು. ನಾಯಿನೂ ಕರುಳು ತಿಂದಿತ್ತು, ಅದು ಚೆನ್ನಾಗೇ ಇದೆ.

ಫ್ರೀಜರ್ ರಾಜ: ಎಲ್ರಿಗೂ ಉಪಯೋಗ ಆಗ್ಲಿ, ಫಾರ್ವರ್ಡ್ ಬಂದಿದ್ದು: ಹಂದಿ ಮಾಂಸ ಅರಿಶಿನ ನಿಂಬೆರಸದಲ್ಲಿ ನೆನೆಸಿ ಮೂರು ವಾರ ಫ್ರೀಜರಲ್ಲಿಟ್ರೆ ಯಾವ ರೋಗಾಣುನೂ ಉಳಿಯಲ್ಲ 🙏

ಡಾಕ್ಟರ್: ಶಿಕಾರಿ ಅವರೇ, ಬೇರೆಯವರ ಪ್ರಶ್ನೆ ಆಮೇಲೆ, ನಿಮ್ಮದು ಮೊದಲು. ನಾನು ಪ್ರಾಣಿ ಡಾಕ್ಟರ್, ನಿಮಗೆ ರೋಗ ಇಂಥದ್ದೇ ಅಂತ ಹೇಳೋಕಾಗಲ್ಲ, ಆದ್ರೆ ನೀವು ಬರೆದಿದ್ದು ಓದಿ ಮೊದಲು ತಲೆಗೆ ಬರೋದು ಬ್ರೂಸೆಲ್ಲೋಸಿಸ್. ಕಾಡುಹಂದಿಲಿ ಅದನ್ನ ತರೋ ಬ್ರೂಸೆಲ್ಲಾ ಸೂಯಿಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ರಕ್ತದಿಂದ, ಗರ್ಭಕೋಶ, ವೃಷಣದಿಂದ ಕೈ ಗಾಯಕ್ಕೆ, ಕಣ್ಣಿಗೆ ದಾಟುತ್ತೆ. ಏರಿಳಿಯೋ ಜ್ವರ, ಬೆವರು, ಕೀಲು ಸೊಂಟ ನೋವು ಅದರ ದಾರಿ. ಹಂದಿ ಕೊಯ್ದೆ ಅಂತ ನೀವು ಕ್ಲಿನಿಕ್ಕಲ್ಲಿ ಹೇಳಿರಲ್ಲ ಅನ್ಸುತ್ತೆ, ಹೇಳದಿದ್ರೆ ಅವರಾದ್ರೂ ವೈರಲ್ ಅಂತ ಯಾಕೆ ಅನ್ನಲ್ಲ? ನಾಳೆನೇ ಹೋಗಿ "ಕಾಡುಹಂದಿ ಬರಿಗೈಲಿ ಕೊಯ್ದಿದ್ದೀನಿ, ಬ್ರೂಸೆಲ್ಲಾ ನೋಡಿ" ಅಂತ ಅಷ್ಟೇ ಮಾತಲ್ಲಿ ಹೇಳಿ. ಬ್ಲಡ್ ಕಲ್ಚರ್ (ರಕ್ತದಲ್ಲಿರೋ ರೋಗಾಣು ಬೆಳೆಸಿ ನೋಡೋ ಟೆಸ್ಟ್) ಕಳಿಸೋ ಮುಂಚೆ ಲ್ಯಾಬ್‌ಗೂ ಹೇಳಿಸಿ, ಅಲ್ಲಿ ಕೆಲಸ ಮಾಡೋರಿಗೆ ಗಾಳಿಲೇ ಅಂಟುತ್ತೆ. ಮನೇಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ಇದಕ್ಕೆ ಸಾಮಾನ್ಯವಾಗಿ ಎರಡು ಔಷಧಿ ಒಟ್ಟಿಗೆ, ಕನಿಷ್ಠ ಆರು ವಾರ, ನಾಲ್ಕು ದಿನ ತಿಂದು ಬಿಟ್ರೆ ಟೆಸ್ಟೂ ಕೆಡುತ್ತೆ, ಜ್ವರನೂ ತಿರುಗಿ ಬರುತ್ತೆ. ನಿರ್ಲಕ್ಷ್ಯ ಮಾಡಿದ್ರೆ ಬೆನ್ನುಮೂಳೆ, ಹೃದಯದ ಕವಾಟದವರೆಗೂ ಹೋಗೋದುಂಟು.

ನಾಯಿ ವಿಷಯ. ಹಂದಿಯಿಂದ ನಾಯಿಗೆ ಬರೋ ಇನ್ನೊಂದು, ಸ್ಯೂಡೋರೇಬೀಸ್: ಮುಖ ಕೆರ್ಕೊಂಡು ಕೆರ್ಕೊಂಡು ರಕ್ತ ಬರಿಸ್ಕೊಂಡು ಎರಡು ಮೂರು ದಿನದಲ್ಲಿ ಸಾಯುತ್ತೆ, ಚಿಕಿತ್ಸೆ ಇಲ್ಲ. ಎರಡು ವಾರ ದಾಟಿದ್ರೆ ಬಹುಶಃ ಅದಲ್ಲ. ಆದ್ರೆ ಬ್ರೂಸೆಲ್ಲಾ ನಾಯಿಗೂ ಬರುತ್ತೆ, ಗಂಡಾದ್ರೆ ವೃಷಣ ಊದಿದ್ಯಾ ನೋಡಿ, ಹೇಗಿದ್ರೂ ರಕ್ತ ಪರೀಕ್ಷೆ ಮಾಡ್ಸಿ, ಅಲ್ಲಿವರೆಗೂ ಮಕ್ಕಳ ಮುಖ ನೆಕ್ಕೋಕೆ ಬಿಡಬೇಡಿ.

ಸಂಜೆ ಶಿಕಾರಿ: ಹೇಳಿರಲಿಲ್ಲ ಮೇಡಂ. ನಾಯಿ ಗಂಡು. ಬೆಳಿಗ್ಗೆನೇ ಹೋಗ್ತೀನಿ.

ಡಾಕ್ಟರ್: ಫ್ರೀಜರ್ ರಾಜ ಅವರೇ, ಆ ಫಾರ್ವರ್ಡ್ ಡಿಲೀಟ್ ಮಾಡಿ. ಫ್ರೀಜರಲ್ಲಿ ಬ್ರೂಸೆಲ್ಲಾ ಸಾಯಲ್ಲ, ಆರಾಮಾಗಿರುತ್ತೆ. ಅರಿಶಿನ ಒಗ್ಗರಣೆಗಿರ್ಲಿ. ಮಾಂಸದ ಒಳಗೆ ಥರ್ಮಾಮೀಟರ್ ಚುಚ್ಚಿ 160 ಫ್ಯಾರನ್‌ಹೀಟ್ ಬರಬೇಕು, ಕೊಯ್ಯೋವಾಗ ಗ್ಲೌಸು, ಕನ್ನಡಕ. ಅಷ್ಟೆ.

ಫ್ರೀಜರ್ ರಾಜ: ನಮ್ಮ ಅಜ್ಜನ ಕಾಲದಿಂದ ಮಾಡ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ.

ಡಾಕ್ಟರ್: ನಿಮ್ಮ ಅಜ್ಜನ ಬ್ಲಡ್ ಕಲ್ಚರ್ ರಿಪೋರ್ಟ್ ಇದ್ರೆ ಕಳ್ಸಿ, ನೋಡ್ತೀನಿ.

ಲೀಸ್ ರಘು: ಮೇಡಂ, ಫಾರೆಸ್ಟ್ ಮೇಲೆ ಹೆಲಿಕಾಪ್ಟರಲ್ಲಿ ಹಂದಿ ಹೊಡೀತಾರಲ್ಲ, ನಮ್ಮ ಲೀಸ್ ಜಾಗದ ಜಿಂಕೆ ಬೆದರಿ ಆ ಏರಿಯಾ ಬಿಟ್ಟೇ ಹೋಗಿಬಿಡ್ತವಾ? ಲೀಸ್ ರಿನ್ಯೂ ಮಾಡ್ಬೇಕು, ಅದಕ್ಕೇ.

ಹೊಸ ಮೆಂಬರ್: ಮೇಡಂ ಫ್ರೀಜರಲ್ಲಿ ಇಟ್ರೆ ರೋಗಾಣು ಸಾಯುತ್ತಾ?

ಡಾಕ್ಟರ್: ಮೇಲೆ ಓದಿ.

ಬಿಲ್ಲುಗಾರ: ನಾಯಿ ಬಿಟ್ಟು ಹಿಡಿಯೋರು ನಾವು, ಗುಂಡೂ ಬೇಡ. ನಮ್ಮನ್ಯಾಕೆ ತಡೀತೀರ?

ಹೊಲದ ಮನೆ: ನಿಮ್ಮ ನಾಯಿಗಳು ಫಾರೆಸ್ಟ್ ಗಡೀಲಿ ಓಡಿಸಿದ ಗುಂಪು ಬೆಳಗಾಗೋದ್ರೊಳಗೆ ನನ್ನ ಹುಲ್ಲುಗಾವಲು ಉತ್ತಿಟ್ಟಿತ್ತು, ಟ್ರ್ಯಾಕ್ಟರ್ ಚಕ್ರ ಹೂತೋಗೋ ಅಷ್ಟು ಗುಂಡಿ. ನಷ್ಟ ಕಟ್ಕೊಡ್ತೀರಾ?

ಬಿಲ್ಲುಗಾರ: ಸರ್ಕಾರದ ಜೋಳದ ಆಸೆಗೆ ಬಂದಿದ್ದಕ್ಕೆ ನಾನ್ಯಾಕೆ ಕಟ್ಲಿ. ನಿಮಗೆ ಹಂದಿಗಿಂತ ನಮ್ಮ ಮೇಲೇ ಹೊಟ್ಟೆಕಿಚ್ಚು.

ಡಾಕ್ಟರ್: ನಾಯಿ ಅಟ್ಟಿದ ಗುಂಪೂ ಗುಂಡಿನ ಥರಾನೇ ಚದುರುತ್ತೆ, ಜೊತೆಗೆ ನಿಮ್ಮ ನಾಯಿಗಳಿಗೇ ಸ್ಯೂಡೋರೇಬೀಸ್ ಅಪಾಯ, ಮೇಲೆ ಬರೆದಿದ್ದೀನಿ. ಇಲ್ಲಿನ ಫಾರಂ ಹಂದಿಗಳಲ್ಲಿ ಆ ರೋಗನ 2004ಕ್ಕೆ ಮುಗಿಸಿದ್ರು, ಕಾಡುಹಂದಿಲಿ ಇನ್ನೂ ಇದೆ. ನಾಯಿಗಳ ಮೇಲೆ ಪ್ರೀತಿ ಇದ್ರೆ ಯೋಚ್ನೆ ಮಾಡಿ. ನಿಮ್ಮಿಬ್ಬರ ಜಗಳಕ್ಕೆ ನನ್ನ ಹತ್ರ ಔಷಧಿ ಇಲ್ಲ.

ಓಝಾರ್ಕ್ ಗೌಡ: ಸರಿ ಮೇಡಂ, ಬಾಗಿಲು ಬೀಳೋವರೆಗೂ ನಾನು ಹೊಡಿಯಲ್ಲ. ನಮ್ಮ ಕಡೆನೂ ಒಂದು ಟ್ರ್ಯಾಪ್ ಇಡ್ತಾರಾ?

ಡಾಕ್ಟರ್: ಇಡ್ತಾರೆ, ದುಡ್ಡು ತಗೊಳಲ್ಲ. ಬಂದಿದ್ನಲ್ಲ, ಅವನನ್ನೇ ಕೇಳಿ.

ಹೊಸ ಮೆಂಬರ್: ಮೇಡಂ ವಿನೆಗರಲ್ಲಿ ನೆನೆಸಿದ್ರೆ?

ಲೀಸ್ ರಘು: ನನ್ನ ಹೆಲಿಕಾಪ್ಟರ್ ಪ್ರಶ್ನೆಗೆ ಯಾರೂ ಏನೂ ಹೇಳ್ಲಿಲ್ಲ.

ಅಡ್ಮಿನ್: ಬಿಲ್ಲುಗಾರ, ಹೊಲದ ಮನೆ, ಇಬ್ಬರಿಗೂ ಒಂದು ವಾರ ಮ್ಯೂಟ್. ಮೇಡಂ ಆಫ್‌ಲೈನ್ ಹೋಗಿದ್ದಾರೆ, ಕಾಮೆಂಟ್ಸ್ ಕ್ಲೋಸ್.