50 ಮೈಲಿ ರೈಡ್‌ನಲ್ಲಿ ಕುದುರೆಗೆ ಓಆರ್‌ಎಸ್ ಕೊಡಬಹುದಾ?

ಫೋಲ್ಸಮ್ ಸವಾರ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. ನನ್ನದು ಅರೇಬಿಯನ್ ಹೆಣ್ಣುಕುದುರೆ, 11 ವರ್ಷ. 25 ಮೈಲಿ ರೈಡ್‌ಗಳನ್ನು ಆರಾಮಾಗಿ ಮುಗಿಸುತ್ತಾಳೆ. ಬರುವ ಆಗಸ್ಟ್‌ನಲ್ಲಿ ಮೊದಲ ಸಲ 50 ಮೈಲಿಗೆ ಹೋಗಬೇಕು ಅಂತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ.

ನನ್ನ ಚಿಂತೆ ಏನಂದ್ರೆ, ಶುರುವಿನ 15 ಮೈಲಿ ಅವಳು ನೀರನ್ನೇ ಮುಟ್ಟುವುದಿಲ್ಲ. ತೊಟ್ಟಿಯ ಹತ್ತಿರ ನಿಲ್ಲಿಸಿದರೆ ತುಟಿ ಒದ್ದೆ ಮಾಡಿಕೊಂಡು ಆ ಕಡೆ ಈ ಕಡೆ ನೋಡುತ್ತಾಳೆ. ಮೈ ಒಣಗಿದ ಮೇಲೆ ಕತ್ತಿನ ಮೇಲೆ, ಎದೆಪಟ್ಟಿಯ ಕೆಳಗೆ ಬಿಳಿ ಉಪ್ಪು ಗಟ್ಟಿಯಾಗಿ ಕೂತಿರುತ್ತದೆ. ಊರಿಂದ ತಂದ ಓಆರ್‌ಎಸ್ ಪ್ಯಾಕೆಟ್ ಒಂದು ಡಬ್ಬ ತುಂಬಾ ಇದೆ. ಅದನ್ನೇ ಕೊಡಬಹುದಾ? ಹಿಂದಿನ ರಾತ್ರಿಯೇ ಎಲೆಕ್ಟ್ರೋಲೈಟ್ (ಬೆವರಲ್ಲಿ ಹೋಗುವ ಲವಣಗಳು) ಜಾಸ್ತಿ ಕೊಟ್ಟುಬಿಡಿ ಅಂತ ಒಬ್ಬರು ಹೇಳಿದರು. ಅದು ಸರಿನಾ?

ಆಬರ್ನ್ ಅಕ್ಕ

ಓಆರ್‌ಎಸ್ ವಿಚಾರ ಇಲ್ಲಿರುವ ಡಾಕ್ಟರು ಹೇಳಲಿ. ಉಳಿದದ್ದು ನಾನು ಹೇಳುತ್ತೇನೆ. ನಾನು ಆಬರ್ನ್‌ನಲ್ಲೇ ಇರುವುದು. ಟೆವಿಸ್ ಕಪ್ ಮುಗಿಯುವುದು ನಮ್ಮೂರಲ್ಲೇ. 1955ರಿಂದ ನಡೆಯುತ್ತಿರುವ ರೈಡ್ ಅದು. 100 ಮೈಲಿ, 24 ಗಂಟೆ. ನಾನು ಅಲ್ಲಿ ಸ್ನೇಹಿತರಿಗೆ ಕ್ರೂ ಆಗಿ, ಅಂದರೆ ದಾರಿಯಲ್ಲಿ ಸಹಾಯಕ್ಕೆ ನಿಲ್ಲಲು, ಹೋಗುತ್ತಿರುತ್ತೇನೆ.

36ನೇ ಮೈಲಿಯಲ್ಲಿ ರಾಬಿನ್ಸನ್ ಫ್ಲಾಟ್ ಅಂತ ಒಂದು ಗಂಟೆ ಕಡ್ಡಾಯವಾಗಿ ನಿಲ್ಲುವ ಜಾಗ ಬರುತ್ತದೆ. ಅದಾದ ಮೇಲೆ ಕಣಿವೆಗಳು. ಒಳಗೆ ಗಾಳಿಯೇ ಆಡುವುದಿಲ್ಲ, ಬರೀ ಕಾವು. ಅದಕ್ಕೇ ಕುದುರೆ ಫ್ಲಾಟ್‌ಗೆ ಬಂದು ನಿಂತ ಕೂಡಲೇ ಬಾಯಿಗೆ ಉಪ್ಪು ಹಾಕುವ ಸಿರಿಂಜ್ ಹಿಡಿದು ಓಡಿ ಬರುವವರನ್ನು ನೋಡುತ್ತೇನೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಮೊದಲು ನೀರು. ಆಮೇಲೆ ಹುಲ್ಲು, ನೀರಾಗಿ ಕಲಸಿದ ಮ್ಯಾಶ್ (ನೆನೆಸಿದ ಮೇವು). ಕುದುರೆ ಚೆನ್ನಾಗಿ ಕುಡಿದು, ತಲೆಯೆತ್ತಿ, ಹುಲ್ಲು ಜಗಿಯಲು ಶುರು ಮಾಡಿದ ಮೇಲೆ ಉಪ್ಪು.

ಯಾಕೆ ಅಂದರೆ, ನಮ್ಮ ಬೆವರು ರಕ್ತಕ್ಕಿಂತ ತೆಳು. ನಾವು ಬೆವರಿದಾಗ ನೀರು ಹೆಚ್ಚು ಹೋಗಿ ರಕ್ತದಲ್ಲಿ ಉಪ್ಪಿನ ಅಂಶ ಏರುತ್ತದೆ, ಬಾಯಾರಿಕೆ ಆಗುತ್ತದೆ. ಕುದುರೆಯ ಬೆವರಲ್ಲಿ ಉಪ್ಪು ರಕ್ತದಷ್ಟೇ ಇರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ನೀರು, ಉಪ್ಪು ಎರಡೂ ಒಟ್ಟಿಗೇ ಹೋಗುವುದರಿಂದ ರಕ್ತದಲ್ಲಿ ಉಪ್ಪಿನ ಅಂಶ ಏರುವುದಿಲ್ಲ. ಮೈಯಲ್ಲಿ ಎಷ್ಟೋ ಲೀಟರ್ ನೀರು ಕಮ್ಮಿಯಾಗಿದ್ದರೂ ಬಾಯಾರಿಕೆ ಅನ್ನಿಸದು. ನಿಮ್ಮ ಕುದುರೆ ಹಟ ಮಾಡುತ್ತಿಲ್ಲ. ಅವಳಿಗೆ ನಿಜಕ್ಕೂ ಬಾಯಾರಿಕೆ ಆಗಿರುವುದಿಲ್ಲ.

ಹಾಗಾದರೆ ಉಪ್ಪು ಕೊಟ್ಟು ಬಾಯಾರಿಕೆ ಬರಿಸೋಣ ಅನ್ನಿಸುತ್ತದೆ ಅಲ್ವಾ? ನೀರು ಕುಡಿಯುತ್ತಿರುವ ಕುದುರೆಗೆ ಅದು ಸರಿ. ಏನೂ ಕುಡಿಯದೆ ಒಣಗಿದ ಕುದುರೆಯ ಹೊಟ್ಟೆಗೆ ಗಟ್ಟಿ ಉಪ್ಪು ಹೋದರೆ, ಅದು ರಕ್ತದಲ್ಲಿರುವ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಮೊದಲೇ ಸೊರಗಿದ ಕುದುರೆ ಇನ್ನೂ ಸೊರಗುತ್ತದೆ.

ಹಿಂದಿನ ರಾತ್ರಿ ಎಲೆಕ್ಟ್ರೋಲೈಟ್ ತುಂಬಿಸಿ ಏನೂ ಉಪಯೋಗವಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಬದಲಿಗೆ ರಾತ್ರಿಯಿಡೀ ಒಣಹುಲ್ಲು ಇಡಿ. ಆ ನಾರು ದೊಡ್ಡ ಕರುಳಲ್ಲಿ ನೀರನ್ನೂ ಲವಣಗಳನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಕುದುರೆ ಜೊತೆಗೇ ಹೊತ್ತೊಯ್ಯುವ ತೊಟ್ಟಿ ಅದು.

ಹೆಬ್ಬಾಳದ ಪಶುವೈದ್ಯ

ಅಕ್ಕ ಹೇಳಿದ್ದು ಸರಿಯಾಗಿದೆ. ಓಆರ್‌ಎಸ್ ಬಗ್ಗೆ ನಾನು ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್‌ನಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಕುದುರೆಯ ಒಂದು ಲೀಟರ್ ಬೆವರಲ್ಲಿ ಸೋಡಿಯಂ ಒಂದೇ 3 ಗ್ರಾಂಗಿಂತ ಜಾಸ್ತಿ, ಕ್ಲೋರೈಡ್ 6 ಗ್ರಾಂ ಆಸುಪಾಸು. ಅಂದರೆ ಒಂದು ಪ್ಯಾಕೆಟ್ ಸುಮಾರು ಅರ್ಧ ಲೀಟರ್ ಬೆವರಿನ ಸೋಡಿಯಂಗೆ ಮಾತ್ರ ಸಾಕು. ಬಿಸಿಲಲ್ಲಿ ಕುದುರೆ ಗಂಟೆಗೆ 10 ಲೀಟರ್ ಬೆವರಬಹುದು. ಲೆಕ್ಕ ನೀವೇ ಹಾಕಿ.

ಇನ್ನೊಂದು ತೊಡಕು ಸಿಟ್ರೇಟ್. ಅದು ಮೈಯಲ್ಲಿ ಬೈಕಾರ್ಬನೇಟ್ ಅನ್ನುವ ಕ್ಷಾರ ಆಗುತ್ತದೆ. ದೂರ ಓಡುವ ಕುದುರೆ ಬೆವರಲ್ಲಿ ಕ್ಲೋರೈಡ್ ಕಳೆದುಕೊಳ್ಳುವುದರಿಂದ ಅದರ ರಕ್ತ ಮೊದಲೇ ಕ್ಷಾರದ ಕಡೆಗೆ ವಾಲಿರುತ್ತದೆ. ಆದ್ದರಿಂದ ಅಡುಗೆ ಸೋಡಾ, ಬೈಕಾರ್ಬನೇಟ್ ಇರುವ ಮಿಶ್ರಣ ಬೇಡ. ಭೇದಿಯಾದ ಮಗುವಿಗೆ ಮಾಡಿದ ಔಷಧಿ ಭೇದಿಯಾದ ಮಗುವಿಗೇ ಇರಲಿ.

ಸೊಂಟದ ಹತ್ತಿರ ಪಕ್ಕೆ ನೋಡುತ್ತಿರಿ. ಎದೆಬಡಿತದ ಲೆಕ್ಕಕ್ಕೇ ಪಕ್ಕೆ ಸಣ್ಣಗೆ ಎಗರುತ್ತಿದ್ದರೆ ಅದಕ್ಕೆ ‘ಥಂಪ್ಸ್’ ಅನ್ನುತ್ತಾರೆ. ಕ್ಯಾಲ್ಸಿಯಂ ಇಳಿದು, ಲವಣಗಳು ಏರುಪೇರಾದಾಗ ಬರುತ್ತದೆ. ಕಂಡ ತಕ್ಷಣ ನಿಲ್ಲಿಸಿ ವೆಟ್ (ರೈಡ್‌ನ ಪಶುವೈದ್ಯರು) ಹತ್ತಿರ ಹೋಗಿ. ಅಲ್ಲಿಗೆ ರೈಡ್ ಮುಗೀತು.

ಫೋಲ್ಸಮ್ ಸವಾರ

ತುಂಬಾ ಥ್ಯಾಂಕ್ಸ್ ಅಕ್ಕ, ಡಾಕ್ಟ್ರೇ. ಓಆರ್‌ಎಸ್ ಡಬ್ಬ ನಮಗೇ ಇರಲಿ. ಹಾಗಾದರೆ ಏನು, ಎಷ್ಟು ಕೊಡಲಿ? ಸಿರಿಂಜ್ ಕಂಡರೆ ತಲೆ ಮೇಲೆತ್ತಿ ಬಿಡುತ್ತಾಳೆ. ಮತ್ತೆ ಮೊದಲ ಚೆಕ್‌ನಲ್ಲಿ (ದಾರಿಯಲ್ಲಿ ವೆಟ್ ಕುದುರೆಯನ್ನು ಪರೀಕ್ಷಿಸುವ ನಿಲ್ದಾಣ) ನೀರು ಕುಡಿಯದಿದ್ದರೆ ಏನು ಮಾಡಲಿ?

ಆಬರ್ನ್ ಅಕ್ಕ

ಮನೆಯ ಉಪ್ಪು, ಅಂಗಡಿಯಲ್ಲಿ ಸಿಗುವ ಲೈಟ್ ಸಾಲ್ಟ್ ಎರಡನ್ನೂ ಸಮ ಪಾಲು ಬೆರೆಸುತ್ತೇನೆ. ಲೈಟ್ ಸಾಲ್ಟ್‌ನಲ್ಲಿ ಅರ್ಧದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಪ್ಯಾಕೆಟ್ ಓದಿ ಕೊಳ್ಳಿ. ಒಂದು ಸಲಕ್ಕೆ 30 ಗ್ರಾಂ ಸಾಕು. ಒಂದೇ ಸಲ ದೊಡ್ಡ ಡೋಸ್ ಬೇಡ, ಪ್ರತಿ ಚೆಕ್‌ನಲ್ಲಿ ಸ್ವಲ್ಪ ಸ್ವಲ್ಪ. ಸೇಬಿನ ಸಾಸ್‌ನಲ್ಲಿ ತೆಳ್ಳಗೆ ಕಲಸಿ. ಹೊಟ್ಟೆಯಲ್ಲಿ ಹುಲ್ಲು ಇರಲೇಬೇಕು. ಗಟ್ಟಿ ಲವಣದ ದ್ರಾವಣವನ್ನು ಮತ್ತೆ ಮತ್ತೆ ಕೊಟ್ಟರೆ ಜಠರದ ಹುಣ್ಣು ಜಾಸ್ತಿಯಾಗುತ್ತದೆ ಅಂತ 2005ರ ಅಧ್ಯಯನವೊಂದು ತೋರಿಸಿದೆ.

ಸಿರಿಂಜ್ ಅಭ್ಯಾಸ ಇವತ್ತಿಂದಲೇ ಶುರು ಮಾಡಿ. ಬರೀ ಸೇಬಿನ ಸಾಸ್ ತುಂಬಿಸಿ ದಿನಾ ಕೊಡಿ, ಉಪ್ಪು ಬೇಡ. ಅವಳ ಪಕ್ಕಕ್ಕೆ ನಿಂತು, ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಜಾಗದಿಂದ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಒತ್ತಿ. ಬಾಯಲ್ಲಿ ಹುಲ್ಲಿನ ಉಂಡೆ ಇದ್ದರೆ ಉಗಿದುಬಿಡುತ್ತಾಳೆ, ಅದು ಖಾಲಿಯಾಗುವವರೆಗೆ ಕಾಯಿರಿ. ಕೊಟ್ಟ ಮೇಲೆ ಮತ್ತೆ ನೀರು ತೋರಿಸಿ. ಬಕೆಟ್‌ಗೆ ಉಪ್ಪು ಬೆರೆಸುವುದಾದರೆ ಪಕ್ಕದಲ್ಲೇ ಸಾದಾ ನೀರಿನ ಬಕೆಟ್ ಇರಲೇಬೇಕು.

ಮೊದಲ ಚೆಕ್‌ನಲ್ಲಿ ಕುಡಿಯದಿದ್ದರೆ ಗಾಬರಿ ಬೇಡ. ಒಸಡು ಒದ್ದೆ ಇದ್ದು, ಕರುಳಿನ ಸದ್ದು ಚೆನ್ನಾಗಿದ್ದು, ತಿನ್ನುತ್ತಿದ್ದರೆ ಸಾಕು. ಉಪ್ಪು ಬಿಟ್ಟುಬಿಡಿ, ಹುಲ್ಲನ್ನು ನೀರಲ್ಲಿ ಅದ್ದಿ ಕೊಡಿ, ಮೈಗೆ ಚೆನ್ನಾಗಿ ನೀರು ಹುಯ್ಯಿರಿ. ಎರಡನೇ ಚೆಕ್‌ನಲ್ಲೂ ಕುಡಿಯದೆ, ಹುಲ್ಲಿಗೂ ಬಾಯಿ ಹಾಕದೆ, ಭುಜದ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೆ ಸಿರಿಂಜ್ ಮುಟ್ಟಲೇಬೇಡಿ. ವೆಟ್‌ಗೆ ತೋರಿಸಿ, ಅಲ್ಲೇ ರೈಡ್ ಬಿಡಿ. ವೆಟ್ ಸರಿ ಅನ್ನುವವರೆಗೂ ಟ್ರೇಲರ್‌ಗೆ ಹತ್ತಿಸಬೇಡಿ.