ಕೃಷಿ ಹೊಂಡಗಳ ಹತ್ತಿರ ಮಕ್ಕಳ ಸುರಕ್ಷತೆ: ನಿಮ್ಮೂರಲ್ಲಿ ಏನು ಮಾಡಿದಿರಿ?

ಕೇಳಿದವರು: ಚಳ್ಳಕೆರೆ ಕಡೆಯ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಸುತ್ತ ಈಚೆಗೆ ಕೃಷಿ ಹೊಂಡಗಳು ಜಾಸ್ತಿ ಆಗಿವೆ. ಹೆಚ್ಚಿನವಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿದ್ದಾರೆ. ಬೇಲಿ ಇರುವುದು ಎಲ್ಲೋ ಒಂದೆರಡಕ್ಕೆ. ಹೋದ ಬೇಸಿಗೆ ರಜೆಯಲ್ಲಿ ಪಕ್ಕದೂರಿನ ಅಣ್ಣ ತಮ್ಮ ಇಬ್ಬರೂ ಒಂದೇ ಹೊಂಡದಲ್ಲಿ ಹೋಗಿಬಿಟ್ಟರು. ಆಮೇಲೆ ನಮ್ಮೂರಲ್ಲಿ ಮಕ್ಕಳಿಗೆ ಬೈದದ್ದು ಬಿಟ್ಟರೆ ಬೇರೇನೂ ಆಗಿಲ್ಲ. ಮುಂದಿನ ರಜೆ ಬರುವುದರೊಳಗೆ ಏನಾದರೂ ಮಾಡಬೇಕು ಅಂತ ಕೆಲವು ತಾಯಂದಿರು ಸೇರಿದ್ದೇವೆ. ಕೈಯಲ್ಲಿ ದುಡ್ಡು ಕಮ್ಮಿ. ನಿಮ್ಮ ಊರುಗಳಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಸುಮ್ನೆ ದಂಡ ಆಯಿತು, ದಯವಿಟ್ಟು ಹೇಳಿ.

ಶಿರಾ ಕಡೆಯ ರೈತ

ಅಕ್ಕಾ, ನನ್ನ ಹೊಲದಲ್ಲೂ ಒಂದು ಹೊಂಡ ಇದೆ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ. ಅದಿಲ್ಲದಿದ್ದರೆ ಮಳೆ ಕೈಕೊಟ್ಟ ವರ್ಷ ಬೆಳೆ ಕೈಗೆ ಬರುತ್ತಿರಲಿಲ್ಲ. ಹಾಗಾಗಿ ಹೊಂಡ ಮುಚ್ಚಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಅದು ಎಂಥ ಜಾಗ ಅನ್ನುವುದು ಊರಿಗೆಲ್ಲ ಗೊತ್ತಿರಬೇಕು.

ಕೆರೆ, ಗೋಕಟ್ಟೆಗಳ ದಡ ಮಣ್ಣಿನದು. ಕಾಲಿಗೆ ಹಿಡಿತ ಸಿಗುತ್ತದೆ, ಅಂಚಿನಲ್ಲಿ ಹುಲ್ಲೋ ಬೇರೋ ಇರುತ್ತದೆ. ಶೀಟ್ ಹಾಸಿದ ಹೊಂಡ ಹಾಗಲ್ಲ. ನಾಲ್ಕೂ ಕಡೆ ಕಡಿದಾದ ಇಳಿಜಾರು. ನೀರು ನಿಂತು ನಿಂತು ಶೀಟಿನ ಮೇಲೆ ತೆಳ್ಳಗೆ ಪಾಚಿ ಕಟ್ಟುತ್ತದೆ. ಬಿದ್ದವರು ಅಂಗೈ ಊರಿದರೆ ಅಂಗೈ ಜಾರುತ್ತದೆ, ಮಂಡಿ ಊರಿದರೆ ಮಂಡಿ ಜಾರುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲ. ಒಳ್ಳೆ ಈಜು ಬರುವ ದೊಡ್ಡವರೇ ಮೇಲೆ ಬರಲಾಗದೆ ಸುಸ್ತಾಗಿ ಮುಳುಗಿದ್ದಾರೆ. ಇನ್ನು ಮಕ್ಕಳ ಪಾಡೇನು? ‘ಹುಡುಗರು ಹೇಳಿದ ಮಾತು ಕೇಳಲ್ಲ’ ಅಂತ ಮಾತು ಮುಗಿಸಿದರೆ ಹೊಂಡ ಹಾಗೇ ಉಳಿಯುತ್ತದೆ. ಮೊದಲು ಹೊಂಡಕ್ಕೇ ಮೇಲೆ ಬರುವ ದಾರಿ ಮಾಡಬೇಕು.

ಇದಕ್ಕೆ ದೊಡ್ಡ ದುಡ್ಡು ಬೇಡ. ನಾನು ಮಾಡಿರುವುದು ಹೇಳುತ್ತೇನೆ. ಏರಿಯ ಮೇಲೆ ನಾಲ್ಕೂ ಬದಿಗೆ ಒಂದೊಂದು ಗಟ್ಟಿ ಗೂಟ ಹೂಳಿದ್ದೇನೆ. ಒಂದೊಂದಕ್ಕೂ ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ ಕಟ್ಟಿ, ಗೇಣಿಗೊಂದು ಗಂಟು ಹಾಕಿ, ನೀರಿನೊಳಗೆ ಇಳಿಬಿಟ್ಟಿದ್ದೇನೆ. ಗಂಟು ಬೇಕೇ ಬೇಕು. ಒದ್ದೆ ಕೈಯಲ್ಲಿ ಬರೀ ಹಗ್ಗ ನಿಲ್ಲುವುದಿಲ್ಲ. ಹಗ್ಗ ತಳ ಮುಟ್ಟುವಷ್ಟು ಉದ್ದ ಇರಲಿ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗಲೇ ಮಕ್ಕಳು ‘ನೀರು ಕಮ್ಮಿ ಇದೆ’ ಅಂತ ಇಳಿಯುವುದು. ಆಗ ಹಗ್ಗ ಮೇಲೇ ನೇತಾಡುತ್ತಿದ್ದರೆ ಏನು ಬಂತು? ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿದರೆ ಅದು ತೇಲುತ್ತದೆ, ಹಗ್ಗ ಎಲ್ಲಿದೆ ಅಂತ ದೂರಕ್ಕೇ ಕಾಣುತ್ತದೆ. ಬೆಳೆಗೆ ಹೊಡೆಯುವ ಔಷಧಿಯ ಕ್ಯಾನ್ ಮಾತ್ರ ಬೇಡ. ಬಿಸಿಲಿಗೆ ನೈಲಾನ್ ಒಣಗಿ ಪುಡಿಯಾಗುತ್ತದೆ, ಅದಕ್ಕೇ ಪ್ರತಿ ಬೇಸಿಗೆಗೆ ಮುಂಚೆ ಎಳೆದು ನೋಡಿ, ಸಂಶಯ ಬಂದರೆ ಬದಲಿಸಿ. ಹಳೇ ಟಯರ್‌ಗಳನ್ನು ಒಂದಕ್ಕೊಂದು ಬಿಗಿದು ಇಳಿಬಿಟ್ಟವರೂ ಇದ್ದಾರೆ. ಕಾಲಿಡಲು ಚೆನ್ನಾಗಿದೆ. ತಂತಿ ಹೊರಬಂದ ಟಯರ್ ಆದರೆ ಶೀಟ್ ಹರಿಯುತ್ತದೆ, ನೋಡಿಕೊಳ್ಳಿ.

ಬೇಲಿ ಬಗ್ಗೆ. ಎರಡು ಮೂರು ಎಳೆ ಮುಳ್ಳುತಂತಿ ದನಕ್ಕೆ ಸಾಕು, ಮಕ್ಕಳಿಗೆ ಸಾಲದು. ಅವರು ಅಡಿಯಿಂದ ನುಸುಳುತ್ತಾರೆ. ಜಾಲರಿ ಹಾಕಿ, ಅದರ ಕೆಳ ಅಂಚನ್ನು ಮಣ್ಣಿಗೆ ಹೂಳಿದರೆ ನಿಜವಾದ ತಡೆ. ಅದಕ್ಕಿಂತ ಮುಖ್ಯ ಗೇಟು. ನಮ್ಮ ಕಡೆ ಬೇಲಿ ಇರುವ ಹೊಂಡಗಳಲ್ಲೂ ಗೇಟು ತೆರೆದೇ ಇರುತ್ತದೆ, ಯಾಕೆಂದರೆ ಮೋಟಾರ್ ಹಾಕಲು ದಿನಾ ಹೋಗಬೇಕು. ಮೋಟಾರ್ ಸ್ವಿಚ್ಚನ್ನು ಬೇಲಿಯ ಹೊರಗೆ ತಂದುಬಿಟ್ಟರೆ ಗೇಟು ತೆಗೆಯುವ ಕೆಲಸವೇ ಕಮ್ಮಿ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ತಂತಿ ಬೇಲಿಗೂ ಸಹಾಯಧನ ಕೊಡುತ್ತಾರೆ. ಹೊಸದಾಗಿ ಅರ್ಜಿ ಹಾಕುವವರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನು ಕೇಳಿಯೇ ಬರಲು ಹೇಳಿ.

ಧಾರವಾಡ ಕಡೆಯ ಪ್ರೌಢಶಾಲೆ ಶಿಕ್ಷಕ

ಮೇಡಂ, ಅಣ್ಣ ತಮ್ಮ ಇಬ್ಬರೂ ಹೋದರು ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ಇಂಥ ಸುದ್ದಿಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಹೋಗುವುದೇ ಜಾಸ್ತಿ, ಗಮನಿಸಿದ್ದೀರಾ? ಮೊದಲನೆಯವನು ಜಾರುತ್ತಾನೆ. ಎರಡನೆಯವನು ಅವನನ್ನು ಎಳೆಯಲು ಇಳಿಯುತ್ತಾನೆ. ಮುಳುಗುವವನು ಭಯದಲ್ಲಿ ಸಿಕ್ಕವರ ಕುತ್ತಿಗೆ ಹಿಡಿಯುತ್ತಾನೆ, ಇಬ್ಬರೂ ಕೆಳಗೆ.

ಅದಕ್ಕೇ ನಾವು ಶಾಲೆಯಲ್ಲಿ ‘ಹೊಂಡಕ್ಕೆ ಹೋಗಬೇಡಿ’ ಅನ್ನುವುದರ ಜೊತೆಗೆ ಇನ್ನೊಂದನ್ನು ಕಲಿಸುತ್ತೇವೆ: ಗೆಳೆಯ ಬಿದ್ದರೆ ನೀನು ಇಳಿಯಬೇಡ. ಕೂಗು. ಕೈಗೆ ಸಿಕ್ಕಿದ್ದನ್ನು ಚಾಚು ಅಥವಾ ಎಸೆ. ಬಿದಿರು ಗಳ, ಟವೆಲ್, ದುಪಟ್ಟಾ, ಖಾಲಿ ಕೊಡ ಯಾವುದಾದರೂ ಸರಿ. ಚಾಚುವಾಗ ನಿಂತುಕೊಂಡು ಚಾಚಬಾರದು, ಏರಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಬೇಕು, ಹಿಂದಿನವನು ಕಾಲು ಹಿಡಿದುಕೊಳ್ಳಬೇಕು. ಇದನ್ನು ಬೋರ್ಡಿನ ಮೇಲೆ ಬರೆದರೆ ಯಾರಿಗೂ ನೆನಪಿರುವುದಿಲ್ಲ. ಆಟದ ಮೈದಾನದಲ್ಲಿ ಸುಣ್ಣದಲ್ಲಿ ಚೌಕ ಹಾಕಿ, ಒಬ್ಬ ಹುಡುಗನನ್ನು ಒಳಗೆ ಕೂರಿಸಿ, ಹಗ್ಗ ಕಟ್ಟಿದ ಕ್ಯಾನನ್ನು ಎಸೆಯಲು ಹೇಳಿ. ಮೊದಲು ಎಸೆದಾಗ ಎಲ್ಲೆಲ್ಲೋ ಬೀಳುತ್ತದೆ. ಆಮೇಲೆ ಏಳನೇ ಕ್ಲಾಸಿನ ಹುಡುಗಿಯರು ಸರಿಯಾಗಿ ಆಚೆ ಭುಜದ ಮೇಲೆ ಬೀಳುವ ಹಾಗೆ ಎಸೆಯುತ್ತಾರೆ. ಧೈರ್ಯವಂತ ಮಕ್ಕಳೇ ಮೊದಲು ನೀರಿಗೆ ಹಾರುವುದು. ಅವರ ಧೈರ್ಯಕ್ಕೆ ಒಂದು ದಾರಿ ಕೊಡಿ.

ಇನ್ನೊಂದು ಕೆಲಸ ಮಕ್ಕಳ ಕೈಯಲ್ಲೇ ಮಾಡಿಸಿ. ಊರಿನ ನಕ್ಷೆ ಬರೆದು ನೀರಿರುವ ಜಾಗವನ್ನೆಲ್ಲ ಗುರುತಿಸಲು ಹೇಳಿ: ಹೊಂಡ, ಕಲ್ಲು ಕ್ವಾರಿ, ಮಣ್ಣು ತೆಗೆದ ಗುಂಡಿ, ಪಾಳು ಬಾವಿ. ದೊಡ್ಡವರಿಗೆ ಗೊತ್ತಿಲ್ಲದ ಜಾಗಗಳೂ ಬರುತ್ತವೆ. ಆ ನಕ್ಷೆಯನ್ನು ಪಂಚಾಯಿತಿಗೆ ಕೊಟ್ಟರೆ ‘ನಮಗೆ ಗೊತ್ತಿರಲಿಲ್ಲ’ ಅನ್ನಲು ಬರುವುದಿಲ್ಲ.

ಈಜು ಕಲಿಸಬೇಕಾ ಅಂತ ಯಾರಾದರೂ ಕೇಳಿದರೆ, ಹೌದು, ಕಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಅಂತಲೇ ಹೇಳುತ್ತದೆ. ಆದರೆ ಮೆಟ್ಟಿಲಿರುವ ಕಲ್ಯಾಣಿಯಲ್ಲೋ ಈಜುಕೊಳದಲ್ಲೋ, ದೊಡ್ಡವರ ಎದುರಿಗೆ. ಶೀಟ್ ಹೊಂಡದಲ್ಲಿ ಖಂಡಿತ ಬೇಡ. ಮತ್ತೆ ಸಮಯ ನೋಡಿಕೊಳ್ಳಿ. ಮುಳುಗುವುದನ್ನು ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಗುರುತಿಸಿದೆ. ನಮ್ಮ ಮಕ್ಕಳಿಗೆ ಈ ಪಾಠ ಬೇಕಿರುವುದು ಮಾರ್ಚ್‌ನಲ್ಲಿ, ಪರೀಕ್ಷೆ ಮುಗಿದು ರಜೆ ಬಿಡುವ ಮುಂಚೆ.

ಅಂಗನವಾಡಿ ಕಾರ್ಯಕರ್ತೆ, ಕೋಲಾರ ಜಿಲ್ಲೆ

ಎಲ್ಲರೂ ಶಾಲೆ ಮಕ್ಕಳ ಬಗ್ಗೆಯೇ ಬರೆದಿದ್ದೀರಿ. ನಡೆಯಲು ಕಲಿತ ಕೂಸುಗಳನ್ನೂ ಮರೀಬೇಡಿ. ಅಮ್ಮ ಕಳೆ ತೆಗೆಯಲು ಬಗ್ಗಿರುತ್ತಾಳೆ, ಕೂಸು ಬದುವಿನ ಮೇಲೆ ಆಡುತ್ತಿರುತ್ತದೆ. ತಲೆ ಎತ್ತಿ ನೋಡುವಷ್ಟರಲ್ಲಿ ಇಲ್ಲ. ಅಷ್ಟು ಚಿಕ್ಕ ಮಗುವಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ತಾಯಿಗೆ ಬೈದೂ ಪ್ರಯೋಜನ ಇಲ್ಲ. ಕೂಲಿ ಬಿಟ್ಟು ಮನೆಯಲ್ಲಿ ಕೂರಲು ಅವಳಿಗೆ ಆಗುತ್ತದಾ? ಕೆಲಸದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳಲು ಜಾಗ ಬೇಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆ ಮನೆ ಪಕ್ಕವೂ ಕೊಳ. ಅಲ್ಲಿ 1ರಿಂದ 5 ವರ್ಷದ ಮಕ್ಕಳನ್ನು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ನೋಡಿಕೊಳ್ಳುವ ‘ಆಂಚಲ್’ ಕೇಂದ್ರಗಳನ್ನು ಮಾಡಿದರು, ಮುಳುಗಿ ಸಾಯುವ ಮಕ್ಕಳು ಬಹಳ ಕಮ್ಮಿಯಾದರು. ಅಮ್ಮಂದಿರು ಅಡುಗೆಯಲ್ಲೋ ಕೆಲಸದಲ್ಲೋ ಇರುವ ಹೊತ್ತು ಅದು. ನಮ್ಮಲ್ಲೂ ನರೇಗಾ ಕೂಲಿಕಾರರ ಮಕ್ಕಳಿಗೆ ಅಂತ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ನಡೆಯುತ್ತಿದೆಯಾ ಅಂತ ವಿಚಾರಿಸಿ. ಬೀಗ ಹಾಕಿದ್ದರೆ ತೆಗೆಸಿ.

ತಾಲ್ಲೂಕು ಆಸ್ಪತ್ರೆ ಸ್ಟಾಫ್ ನರ್ಸ್, ಹಾವೇರಿ ಕಡೆ

ನೀರಿನಿಂದ ಮೇಲೆ ತೆಗೆದ ಮೇಲೆ ಏನು ಮಾಡಬೇಕು ಅನ್ನುವುದನ್ನು ಯಾರೂ ಬರೆದಿಲ್ಲ. ನಾನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಹತ್ತಿರ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಮುಳುಗಿದವರು ಬದುಕುತ್ತಾರೆ ಅಂತ ಮೊಬೈಲ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದಲ್ಲ, ಅದು ಪೂರ್ತಿ ಸುಳ್ಳು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೊಂಡದಲ್ಲಿ ಮುಳುಗಿದ ಹುಡುಗನನ್ನು ಹೀಗೆ ಗಂಟೆಗಟ್ಟಲೆ ಉಪ್ಪಿನಲ್ಲಿ ಮಲಗಿಸಿದ್ದು ಪತ್ರಿಕೆಗಳಲ್ಲೂ ಬಂದಿತ್ತು. ಹೆತ್ತವರನ್ನು ದೂರುವುದಿಲ್ಲ, ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮನಸ್ಸು ನಂಬುತ್ತದೆ. ಆದ್ದರಿಂದ ಮೊದಲೇ ಊರಿಗೆಲ್ಲ ಹೇಳಿಡಬೇಕು. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಕೂಡ ಬೇಡ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶ ಸೇರುತ್ತದೆ, ಹೊತ್ತೂ ಹಾಳು.

ಮುಳುಗಿದವರಿಗೆ ಮೊದಲು ನಿಲ್ಲುವುದು ಉಸಿರು, ಎದೆಬಡಿತ ಆಮೇಲೆ. ಹಾಗಾಗಿ ಉಸಿರು ಕೊಡುವುದೇ ಮೊದಲ ಕೆಲಸ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಐದು ಸಲ ಊದಲಿ. ಎದೆ ಮೇಲೇಳುವುದು ಕಾಣಬೇಕು. ಆಮೇಲೂ ಉಸಿರಾಟ, ಚಲನೆ ಇಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ಮತ್ತೆ 30. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಚಿಕ್ಕ ಮಗುವಿಗೆ ಒಂದೇ ಕೈ ಸಾಕು, ಎದೆ ಮೂರರಲ್ಲಿ ಒಂದು ಪಾಲು ಒಳಗೆ ಹೋಗುವಷ್ಟು ಒತ್ತಬೇಕು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ಮಗು ಕಣ್ಣು ಬಿಟ್ಟು ಮಾತಾಡಿದರೂ ಆಸ್ಪತ್ರೆಗೆ ಕರೆತನ್ನಿ, ಕೆಲವು ಗಂಟೆ ಬಿಟ್ಟು ಉಸಿರಾಟದ ತೊಂದರೆ ಶುರುವಾಗಬಹುದು.

ಇದನ್ನು ಓದಿ ಕಲಿಯುವುದು ಕಷ್ಟ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಗೊಂಬೆ ಇಟ್ಟುಕೊಂಡು ತೋರಿಸುವ ಒಂದು ತರಬೇತಿ ಇಡಿಸಿ. ಆಶಾ ಅಕ್ಕಂದಿರ ಜೊತೆ ಹೊಲದಲ್ಲಿ ಕೆಲಸ ಮಾಡುವ ಗಂಡಸರು, ಟ್ರ್ಯಾಕ್ಟರ್ ಹುಡುಗರು ಖಂಡಿತ ಬರಲಿ. ಹೊಂಡದ ಹತ್ತಿರ ಮೊದಲು ಓಡಿ ಬರುವವರು ಅವರೇ.

ಶಿರಾ ಕಡೆಯ ರೈತ (ಮತ್ತೆ)

ಅಕ್ಕಾ, ಒಂದು ಬಿಟ್ಟುಹೋಗಿತ್ತು. ಹೊಂಡದ ಮಾಲೀಕರನ್ನು ಒಪ್ಪಿಸುವುದು ಹೇಗೆ ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. ಗ್ರಾಮ ಸಭೆಯಲ್ಲಿ ಎಲ್ಲರೆದುರು ಹೆಸರು ಹಿಡಿದು ಮಾತಾಡಿದರೆ ಅವರು ಬಿಗಿಯಾಗುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರ ಮನೆಗೇ ಹೋಗಿ, ‘ಹಗ್ಗ, ಕ್ಯಾನ್ ನಾವು ತರುತ್ತೇವೆ, ಗೂಟ ನೀವು ಹೂಳಿ’ ಅಂದೆವು. ಇಲ್ಲ ಅಂದವರು ಕಮ್ಮಿ. ಹಗ್ಗದ ದುಡ್ಡನ್ನು ಸ್ವಸಹಾಯ ಸಂಘದವರು ಹಾಕಿದರು. ಬೇಲಿ, ಗೇಟು, ಕ್ವಾರಿ ಗುಂಡಿಗಳ ವಿಷಯವನ್ನು ಮಾತ್ರ ಗ್ರಾಮ ಸಭೆಗೆ ತನ್ನಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಇಟ್ಟುಕೊಳ್ಳಿ. ಮಾಲೀಕರು ಬೇರೆ ಊರಲ್ಲಿದ್ದು, ಹೊಲ ಪಾಲಿಗೆ ಕೊಟ್ಟಿರುವ ಹೊಂಡಗಳನ್ನು ಮೊದಲು ಹಿಡಿಯಿರಿ. ಅವನ್ನು ಯಾರೂ ನೋಡುವವರಿರುವುದಿಲ್ಲ. ಗಂಟು ಹಾಕಿದ ಹಗ್ಗದ ಫೋಟೋ ಬೇಕಿದ್ದರೆ ಹೇಳಿ, ನಾಳೆ ಹೊಲಕ್ಕೆ ಹೋದಾಗ ತೆಗೆದು ಕಳಿಸುತ್ತೇನೆ.