ಕರುಳಿನ ಕ್ಯಾನ್ಸರ್: ಡೆನ್ಮಾರ್ಕ್‌ಗೆ 48, ಭಾರತಕ್ಕೆ 5. ಈ ಅಂಕಿಗಳನ್ನು ಅಕ್ಕಪಕ್ಕ ಇಡಬಹುದೇ?

ಪುಟವಿನ್ಯಾಸ: ಆರೋಗ್ಯ ಪುಟಕ್ಕೊಂದು ಗ್ರಾಫ್ ಬೇಕಾಗಿದೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಗ್ಲೋಬೊಕ್ಯಾನ್ 2022ರ (ಎಲ್ಲ ದೇಶಗಳ ಕ್ಯಾನ್ಸರ್ ಅಂದಾಜು ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಪ್ರಕಾರ ಡೆನ್ಮಾರ್ಕ್‌ನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 48 ಹೊಸ ರೋಗಿಗಳು, ಭಾರತದಲ್ಲಿ ಸುಮಾರು 5. ಆದರೆ ಬ್ರಿಟನ್ನಿನವರು ತಮ್ಮ ದೇಶಕ್ಕೆ ಕೊಡುವ ಅಂಕಿ 70ರ ಆಸುಪಾಸಿನಲ್ಲಿದೆ, ಗ್ಲೋಬೊಕ್ಯಾನ್ ಅದೇ ದೇಶಕ್ಕೆ ಹೆಚ್ಚುಕಡಿಮೆ ಅರ್ಧ ಕೊಡುತ್ತದೆ. ಇತ್ತ ನಮ್ಮ ಆಸ್ಪತ್ರೆಗಳ ವರದಿ ನೋಡಿದರೆ ಭಾರತದಲ್ಲಿ ಎಳೆಯರಿಗೇ (50ರೊಳಗಿನವರಿಗೆ) ಈ ರೋಗ ಹೆಚ್ಚು ಅನ್ನಿಸುತ್ತದೆ. ಯಾವುದನ್ನು ನಂಬಲಿ?

ಲಕ್ಷಕ್ಕೆಷ್ಟು: ಬ್ರಿಟನ್ನಿನ ಎರಡೂ ಅಂಕಿ ಸರಿ, ಅಳತೆಗೋಲು ಬೇರೆ ಅಷ್ಟೇ. ದೇಶಗಳ ವಯಸ್ಸಿನ ವ್ಯತ್ಯಾಸ ಸರಿದೂಗಿಸಲು ಎಲ್ಲ ದರಗಳನ್ನೂ ಒಂದೇ ಮಾದರಿ ಜನಸಂಖ್ಯೆಗೆ (ಮಾನಕ) ಹೊಂದಿಸುತ್ತಾರೆ. ಗ್ಲೋಬೊಕ್ಯಾನ್ ಬಳಸುವುದು ಸೆಗಿ ವಿಶ್ವ ಜನಸಂಖ್ಯೆ ಎಂಬ ಮಾನಕ. ಅದರಲ್ಲಿ 50ಕ್ಕಿಂತ ಕೆಳಗಿನವರ ತೂಕ 80%, 50ರಿಂದ 69ರವರದು 16%, 70 ದಾಟಿದವರದು ಬರೀ 4%. ಬ್ರಿಟನ್ ಬಳಸುವ 2013ರ ಯುರೋಪಿಯನ್ ಮಾನಕದಲ್ಲಿ ಮುದುಕರ ತೂಕ ಬಹಳ ಹೆಚ್ಚು. ಇದು ಮುಪ್ಪಿನ ರೋಗವಾದ್ದರಿಂದ ಅಂಕಿ ಉಬ್ಬುತ್ತದೆ.

ಎಳೆಯರ ಪ್ರಶ್ನೆಗೆ ಒಂದು ಲೆಕ್ಕ ಮಾಡಿ ನೋಡಿ. ಸಂಖ್ಯೆಗಳು ಕಲ್ಪಿತ, ವಿಧಾನ ನಿಜ. ಎರಡು ದೇಶಗಳಲ್ಲೂ ಅಪಾಯ ಒಂದೇ ಎಂದುಕೊಳ್ಳಿ: 50ರೊಳಗೆ ಲಕ್ಷಕ್ಕೆ 2, 50ರಿಂದ 69ಕ್ಕೆ 40, ಅದರ ಮೇಲೆ 150. ಎಳೆಯ ದೇಶದ ಜನಸಂಖ್ಯೆ 80, 16, 4 ಎಂದು ಹಂಚಿದ್ದರೆ ಕಚ್ಚಾ ದರ (ವಯಸ್ಸು ಸರಿದೂಗಿಸದ ದರ) 1.6 + 6.4 + 6 = 14. ಮುದಿ ದೇಶದಲ್ಲಿ 55, 27, 18 ಆಗಿದ್ದರೆ 1.1 + 10.8 + 27 = 38.9. ಮೊದಲ ದೇಶದ ರೋಗಿಗಳಲ್ಲಿ 50ರೊಳಗಿನವರು 11%, ಎರಡನೆಯದರಲ್ಲಿ 3%ಗೂ ಕಡಿಮೆ. ಅಪಾಯ ಕೂದಲೆಳೆಯಷ್ಟೂ ಬದಲಾಗಿಲ್ಲ, ಆದರೂ ಎಳೆಯ ದೇಶದ ವಾರ್ಡಿನಲ್ಲಿ ಎಳೆಯರು ನಾಲ್ಕು ಪಟ್ಟು ಕಾಣುತ್ತಾರೆ! 'ನಮ್ಮ ರೋಗಿಗಳಲ್ಲಿ ಇಷ್ಟು ಶೇಕಡಾ ಎಳೆಯರು' ಎಂಬ ವಾಕ್ಯದಿಂದ ದರದ ಬಗ್ಗೆ ಏನನ್ನೂ ಹೇಳಲಾಗದು. ಮೇಲಾಗಿ ದೊಡ್ಡ ಆಸ್ಪತ್ರೆಗೆ ದೂರದಿಂದ ಬರುವವರಲ್ಲಿ ಎಳೆಯರೇ ಜಾಸ್ತಿ ಇರಬಹುದು.

ನೋಂದಣಿ_ಗುಮಾಸ್ತ: ಮೇಲಿನದಕ್ಕೆ ಒಂದು ಎಚ್ಚರಿಕೆ. 48 ಮತ್ತು 5ರ ನಡುವಿನ ಅಂತರ ವಯಸ್ಸನ್ನು ಸರಿದೂಗಿಸಿದ ಮೇಲಿನದು, ಹಾಗಾಗಿ ಅದರ ಬಹುಪಾಲು ನಿಜವೇ. ಎಣಿಕೆಯಲ್ಲಿ ಎಷ್ಟು ಸೋರಿದೆ ಎನ್ನುವುದನ್ನು ಮಾತ್ರ ನೋಡಬೇಕು. ಭಾರತದ ಅಂಕಿ ಬರುವುದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಿಜಿಸ್ಟ್ರಿಗಳಿಂದ, ಅಂದರೆ ಒಂದು ಪ್ರದೇಶದ ಎಲ್ಲ ಕ್ಯಾನ್ಸರ್ ರೋಗಿಗಳನ್ನು ದಾಖಲಿಸುವ ನೋಂದಣಿಗಳಿಂದ. ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ 1980ರ ದಶಕದ ಆರಂಭದಿಂದ ಅದರಡಿ ಎಣಿಕೆಯಿದೆ, ಬೆಂಗಳೂರಿನದನ್ನು ನಡೆಸುವುದು ಕಿದ್ವಾಯಿ ಸಂಸ್ಥೆ. ದೇಶದ ಬಹುಭಾಗ, ಅದರಲ್ಲೂ ಹಳ್ಳಿಗಾಡು, ಯಾವ ರಿಜಿಸ್ಟ್ರಿಯ ವ್ಯಾಪ್ತಿಗೂ ಬರುವುದಿಲ್ಲ.

ಯಾವುದೇ ರಿಜಿಸ್ಟ್ರಿಯಲ್ಲಿ ಮೊದಲು ಎರಡು ಕಾಲಂ ನೋಡಿ. ಮರಣಪತ್ರದಿಂದ ಮಾತ್ರ ಗೊತ್ತಾದ ಪ್ರಕರಣಗಳ ಪಾಲು ಹೆಚ್ಚಿದ್ದರೆ ರೋಗಿ ಬದುಕಿದ್ದಾಗ ಎಣಿಕೆ ತಪ್ಪಿದೆ ಎಂದರ್ಥ. ಬಯಾಪ್ಸಿಯಿಂದ ದೃಢಪಟ್ಟವರ ಪಾಲು 100%ಗೆ ತೀರಾ ಹತ್ತಿರವಿದ್ದರೂ ಹಿಗ್ಗಬೇಡಿ, ಲ್ಯಾಬಿಗೆ ಬಂದವರನ್ನಷ್ಟೇ ಎಣಿಸಿರುವ ಸಾಧ್ಯತೆ ಹೆಚ್ಚು.

ರೋಗದ ಜಾಗ ಸೂಚಿಸುವ ಅಂತರರಾಷ್ಟ್ರೀಯ ಕೋಡ್ ಕೂಡ ಗಮನಿಸಿ: ದೊಡ್ಡ ಕರುಳು-ಗುದನಾಳದ ಸಿ18ರಿಂದ ಸಿ20 ಮಾತ್ರವೋ, ಗುದದ್ವಾರದ ಸಿ21 ಸೇರಿದೆಯೋ? ಅಪೆಂಡಿಕ್ಸ್ ಸಿ18.1ರಲ್ಲಿ ಬರುತ್ತದೆ. ಅಲ್ಲಿನ ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಸ್ರವಿಸುವ ಕೋಶಗಳ) ಗಡ್ಡೆಗಳನ್ನು ಕ್ಯಾನ್ಸರ್ ಎಂದು ದಾಖಲಿಸತೊಡಗಿದ ಮೇಲೆ ಅಮೆರಿಕದಲ್ಲಿ ಎಳೆಯರ ಸಂಖ್ಯೆ ಒಂದಷ್ಟು ಏರಿತು. ಕರುಳಿನ ಸಾಮಾನ್ಯ ಬಗೆಯ ಕ್ಯಾನ್ಸರ್ ಆದ ಅಡಿನೊಕಾರ್ಸಿನೋಮಾವನ್ನಷ್ಟೇ ಬೇರ್ಪಡಿಸಿದರೂ ಏರಿಕೆ ಉಳಿಯುತ್ತದೆ, ಆದರೆ ಅದರ ವೇಗ ತಗ್ಗುತ್ತದೆ.

ಪುಟವಿನ್ಯಾಸ: ಹಾಗಾದರೆ ಡೆನ್ಮಾರ್ಕ್ ಮೊದಲ ಸ್ಥಾನಕ್ಕೆ ಏರಿದ್ದು ರೋಗದಿಂದಲೋ ತಪಾಸಣೆಯಿಂದಲೋ?

ಫಿಟ್_ಕಟಾಫ್: ಎರಡರಿಂದಲೂ. ಅಲ್ಲಿ ದರ ಮೊದಲೇ ಎತ್ತರದಲ್ಲಿತ್ತು. 2014ರಲ್ಲಿ 50ರಿಂದ 74ರವರಿಗೆ ಮಲದಲ್ಲಿ ರಕ್ತ ಹುಡುಕುವ ಫಿಟ್ ಪರೀಕ್ಷೆ ಶುರುವಾದಾಗ, ಮುಂದೆಂದೋ ಗೊತ್ತಾಗಬೇಕಿದ್ದ ಗಡ್ಡೆಗಳೂ ಒಟ್ಟಿಗೆ ಲೆಕ್ಕಕ್ಕೆ ಬಂದವು. ಹೀಗಾಗಿ ದರ ಕೆಲವು ವರ್ಷ ಚಿಮ್ಮಿ, ಪಾಲಿಪ್ (ಮುಂದೆ ಕ್ಯಾನ್ಸರ್ ಆಗಬಲ್ಲ ಸಣ್ಣ ಗಂಟು) ತೆಗೆದ ಫಲ ಕಾಣತೊಡಗಿದ ಮೇಲೆ ಇಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲೂ ಅದೇ ವರ್ಷ ಆರಂಭ. ಅಲ್ಲಿ ಕಟ್-ಆಫ್ (ಪಾಸಿಟಿವ್ ಎನ್ನಲು ಇಟ್ಟ ಮಿತಿ) ಅನ್ನು ಒಂದು ಗ್ರಾಂ ಮಲಕ್ಕೆ 15 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಎಂದಿಟ್ಟರು. ಪಾಸಿಟಿವ್ ಬಂದವರಿಗೆಲ್ಲ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗಿನ ಪರೀಕ್ಷೆ) ಮಾಡಲು ಸಾಮರ್ಥ್ಯ ಸಾಲದೆ ಆ ವರ್ಷವೇ 47ಕ್ಕೆ ಏರಿಸಬೇಕಾಯಿತು. ಕಟ್-ಆಫ್ ಬದಲಾದ ವರ್ಷವನ್ನು ಗ್ರಾಫಿನಲ್ಲಿ ಗುರುತಿಸದಿದ್ದರೆ ಓದುಗರು ಅದನ್ನು ರೋಗದ ಏರಿಳಿತ ಎಂದುಕೊಳ್ಳುತ್ತಾರೆ.

ಹುಟ್ಟಿದ_ವರ್ಷ: ಕಾಲದ ಬದಲಾವಣೆ ತೋರಿಸುವುದಾದರೆ ದಾಖಲಾದ ವರ್ಷಕ್ಕಿಂತ ಹುಟ್ಟಿದ ವರ್ಷದ ಪ್ರಕಾರ ಗೆರೆ ಎಳೆಯಿರಿ. ಅಮೆರಿಕದಲ್ಲಿ ಒಟ್ಟು ದರ 1980ರ ದಶಕದ ನಡುವಿನಿಂದ ಇಳಿಯುತ್ತಿದೆ, 50ರೊಳಗಿನವರ ದರ 1990ರ ದಶಕದಿಂದ ಏರುತ್ತಿದೆ. ಹುಟ್ಟಿನ ಪ್ರಕಾರ ಜೋಡಿಸಿದರೆ ಗೊಂದಲ ಕರಗುತ್ತದೆ: 1950ರ ಸುಮಾರಿಗೆ ಹುಟ್ಟಿದವರಿಗೆ ಹೋಲಿಸಿದರೆ, ಅದೇ ವಯಸ್ಸಿನಲ್ಲಿ 1990ರ ಸುಮಾರಿಗೆ ಹುಟ್ಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಎರಡು ಪಟ್ಟು, ಗುದನಾಳದ್ದು ನಾಲ್ಕು ಪಟ್ಟು. ಅಲ್ಲಿ ತಪಾಸಣೆ ಶುರುಮಾಡುವ ವಯಸ್ಸನ್ನು 2021ರಲ್ಲಿ 45ಕ್ಕೆ ಇಳಿಸಿದ್ದರ ಹಿಂದೆ ಈ ಏರಿಕೆಯೇ ಇದೆ.

ವಂಶವಾಹಿಗಿಂತ ಬದುಕುವ ರೀತಿ ಮುಖ್ಯ ಎನ್ನುವುದಕ್ಕೆ ಹಳೆಯ ಸಾಕ್ಷಿ ಹವಾಯಿಗೆ ವಲಸೆ ಹೋದ ಜಪಾನಿಯರು. ಅವರ ದರ ಒಂದೆರಡು ತಲೆಮಾರಿನೊಳಗೆ ಅಲ್ಲಿನ ಬಿಳಿಯರ ಮಟ್ಟ ಮುಟ್ಟಿತು. ಆಮೇಲೆ ಜಪಾನ್ ದೇಶವೇ ಅದೇ ದಾರಿ ಹಿಡಿದು ಇಂದು ಅಮೆರಿಕವನ್ನು ಮೀರಿಸಿದೆ. ಕಾರಣಕ್ಕೆ ಬೊಜ್ಜು, ಮದ್ಯ, ಸಂಸ್ಕರಿಸಿದ ಮಾಂಸ ಎಂದು ಬರೆದು ಮುಗಿಸಬೇಡಿ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸದಿಂದ ಹೆಚ್ಚುವುದು ಸುಮಾರು 18%, ಹತ್ತು ಪಟ್ಟಿನ ಅಂತರವನ್ನು ಅದೊಂದೇ ತುಂಬದು.

ಲಕ್ಷಕ್ಕೆಷ್ಟು: ಗ್ರಾಫಿಗೆ ಎರಡು ಚೌಕ ಸಾಕು. ಒಂದರಲ್ಲಿ ದೇಶಗಳು, ಎಲ್ಲವೂ ಸೆಗಿ ಮಾನಕದಲ್ಲೇ ಇರಲಿ. ಇನ್ನೊಂದರಲ್ಲಿ ಒಂದೇ ದೇಶದ 50ರೊಳಗಿನವರು ಮತ್ತು 50 ದಾಟಿದವರು, ಬೇರೆಬೇರೆ ಗೆರೆಗಳಲ್ಲಿ. ಆಸ್ಪತ್ರೆಯ ಶೇಕಡಾ ಎರಡರಲ್ಲೂ ಬೇಡ.